ಸಕ್ಕರೆ ಬಟ್ಟಲಿನ ಮೇಲಿನ ಬರಹ

ಹೋಟೆಲಿನ ತಿಂಡಿಪಟ್ಟಿಯಲ್ಲಿ ಬೆಲೆಯ ಪಕ್ಕಕ್ಕೆ ಈಚಿನ ವರ್ಷಗಳಲ್ಲಿ ಇನ್ನೊಂದು ಅಂಕಿ ಬಂದು ಕುಳಿತಿರುವುದನ್ನು ನಮ್ಮ ಓದುಗರಲ್ಲಿ ಹಲವರು ಗಮನಿಸಿರಬಹುದು. ಊರೂರಿಗೂ ಶಾಖೆ ತೆರೆದಿರುವ ದೊಡ್ಡ ಹೋಟೆಲುಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಒಂದೊಂದು ತಿಂಡಿಯ ಮುಂದೆಯೂ ಇಷ್ಟು ಕ್ಯಾಲೊರಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ಅದನ್ನು ಓದಿದವರೆಷ್ಟು, ಓದಿ ಮನಸ್ಸು ಬದಲಿಸಿದವರೆಷ್ಟು ಎಂಬುದು ಬೇರೆ ಮಾತು. ತಿನ್ನುವ ಪದಾರ್ಥದ ಬಳಿ, ಅದರಲ್ಲೂ ಸಕ್ಕರೆಯ ಬಳಿ, ಒಂದು ಮಾತನ್ನು ಬರೆದಿಟ್ಟು ತಿನ್ನುವವರ ಕೈಯನ್ನು ಬೇರೆ ಕಡೆಗೆ ತಿರುಗಿಸಬಹುದೆಂಬ ಯೋಚನೆ ಮೊನ್ನೆ ಮೊನ್ನೆ ಅಮೆರಿಕದಿಂದ ಬಂದದ್ದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದಕ್ಕೆ ಇನ್ನೂರು ವರ್ಷ ದಾಟಿದೆ. ಆ ಕಥೆಯ ಒಂದು ತುದಿ ಲಂಡನ್ನಿನಲ್ಲಿದ್ದರೆ ಇನ್ನೊಂದು ತುದಿ ನಾವು ಬಂದು ನೆಲೆಸಿರುವ ಈ ಕಲ್ಕತ್ತದ ಬಂದರಿನಲ್ಲಿದೆ.

ಬಂಗಾಳಕ್ಕೂ ಸಕ್ಕರೆಗೂ ನಂಟು ಬಹಳ ಹಳೆಯದು. ಗೌಡ ದೇಶವೆಂಬ ಹೆಸರು ಗುಡ, ಅಂದರೆ ಬೆಲ್ಲ, ಎಂಬ ಮಾತಿನಿಂದಲೇ ಬಂತೆಂದು ಹಳಬರು ಹೇಳುವುದುಂಟು. ನಾವು ಸಕ್ಕರೆ ಎನ್ನುವುದು ಸಂಸ್ಕೃತದ ಶರ್ಕರೆಯ ತದ್ಭವ. ಅದೇ ಶರ್ಕರೆ ಪಾರಸಿ, ಅರಬ್ಬಿ ದೇಶಗಳನ್ನು ಹಾದು ಇಂಗ್ಲಿಷಿನ ಶುಗರ್ ಆಯಿತು. ನಮ್ಮ ಖಂಡಸಕ್ಕರೆಯ ಖಂಡ ಅವರ ಬಾಯಲ್ಲಿ ಕ್ಯಾಂಡಿ ಆಯಿತು. ಬಂಗಾಳಿಗಳು ಮಾತ್ರ ಬಿಳಿ ಸಕ್ಕರೆಯನ್ನು ಚಿನಿ ಎನ್ನುತ್ತಾರೆ. ಚೀನಾ ದೇಶದ ನೆನಪು ಆ ಹೆಸರಿನಲ್ಲಿದೆ. ಬಜ್‌ಬಜ್‌ನ ಬಳಿ ಹೂಗ್ಲಿ ನದಿಯ ದಂಡೆಯಲ್ಲಿ ಅಚಿಪುರ ಎಂಬ ಊರಿದೆ. ೧೭೭೮ರಲ್ಲಿ ವಾರನ್ ಹೇಸ್ಟಿಂಗ್ಸ್ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಗೆ ಅಲ್ಲಿ ೬೫೦ ಬಿಘ ಜಮೀನನ್ನು ವರ್ಷಕ್ಕೆ ೪೫ ರೂಪಾಯಿ ಕಂದಾಯದ ಮೇಲೆ ಕೊಟ್ಟ. ಆತ ಕಬ್ಬು ಬೆಳೆಸಿ ಸಕ್ಕರೆ ಗಾಣ ಹೂಡಿದ. ೧೭೮೩ರಲ್ಲಿ ಅವನು ತೀರಿಕೊಂಡ ಮೇಲೆ ಗಾಣ ನಿಂತಿತು, ಊರಿನ ಹೆಸರು ಉಳಿಯಿತು. ಕಲ್ಕತ್ತದ ಚೀನೀಯರು ಅವನನ್ನು ತಮ್ಮ ಮೊದಲಿಗನೆಂದು ಭಾವಿಸಿ ಹೊಸ ವರ್ಷದ ದಿನಗಳಲ್ಲಿ ಅವನ ಸಮಾಧಿಗೆ ಹೋಗಿ ಬರುವ ಪದ್ಧತಿ ಇದೆ.

ಅಚಿಪುರದ ಗಾಣ ನಿಂತ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಸಕ್ಕರೆಯ ಬಗ್ಗೆ ಒಂದು ದೊಡ್ಡ ಗದ್ದಲ ಎದ್ದಿತು. ಆ ಕಾಲದ ಇಂಗ್ಲಿಷರು ಚಹಕ್ಕೆ ಹಾಕಿಕೊಳ್ಳುತ್ತಿದ್ದ ಸಕ್ಕರೆ ಬರುತ್ತಿದ್ದುದು ವೆಸ್ಟ್ ಇಂಡೀಸ್ ದ್ವೀಪಗಳಿಂದ. ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದು ಮಾರಿದ ಗುಲಾಮರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸ್ ತಂದ ಸೂಚನೆ ೧೭೯೧ರ ಏಪ್ರಿಲಿನಲ್ಲಿ ಪಾರ್ಲಿಮೆಂಟಿನಲ್ಲಿ ೮೮ಕ್ಕೆ ೧೬೩ ಮತಗಳಿಂದ ಬಿದ್ದುಹೋಯಿತು. ಪಾರ್ಲಿಮೆಂಟು ಮಾಡದ ಕೆಲಸವನ್ನು ಅಡಿಗೆಮನೆ ಮಾಡಲಿ ಎಂದು ವಿಲಿಯಂ ಫಾಕ್ಸ್ ಎಂಬುವನು ಅದೇ ವರ್ಷ ಒಂದು ಸಣ್ಣ ಪುಸ್ತಿಕೆ ಬರೆದು, ವೆಸ್ಟ್ ಇಂಡೀಸಿನ ಸಕ್ಕರೆಯನ್ನೂ ರಮ್ಮನ್ನೂ ಬಿಡಿರೆಂದು ಜನರನ್ನು ಕೇಳಿಕೊಂಡ. ಪುಸ್ತಿಕೆ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಸುಮಾರು ೩ ಲಕ್ಷ ಮಂದಿ ಆ ಸಕ್ಕರೆಯನ್ನು ಬಿಟ್ಟರೆಂದು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ.

ಚಳವಳಿ ಒಮ್ಮೆ ತಣ್ಣಗಾಗಿ ೧೮೨೦ರ ದಶಕದಲ್ಲಿ ಮತ್ತೆ ಹೊತ್ತಿಕೊಂಡಾಗ ಅದಕ್ಕೆ ಒಂದು ಹೊಸ ಸಾಧನ ಸಿಕ್ಕಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಅದೇ. ಚೀನೀ ಪಿಂಗಾಣಿಯ, ನೀಲಿ ಗಾಜಿನ ಸಕ್ಕರೆ ಬಟ್ಟಲುಗಳ ಮೇಲೆ ಹೊಂಬಣ್ಣದ ಅಕ್ಷರಗಳಲ್ಲಿ, ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ, ಎಂದು ಬರೆಯಿಸಿ ಮಾರತೊಡಗಿದರು. ಲಂಡನ್ನಿನ ಪೆಕ್‌ಹ್ಯಾಮ್ ಎಂಬಲ್ಲಿ ಹೆಂಡರ್‌ಸನ್ ಎಂಬ ಪಿಂಗಾಣಿ ಅಂಗಡಿಯವರು ಇಂಥ ಬಟ್ಟಲುಗಳಿಗೆ ಜಾಹೀರಾತನ್ನೇ ಅಚ್ಚುಹಾಕಿಸಿದ್ದರು. ಅದರಲ್ಲಿ ಫಾಕ್ಸನ ಹಳೆಯ ಲೆಕ್ಕವೂ ಇತ್ತು: ವಾರಕ್ಕೆ ೫ ಪೌಂಡು ಸಕ್ಕರೆ ಬಳಸುವ ಒಂದು ಸಂಸಾರ ೨೧ ತಿಂಗಳ ಕಾಲ ವೆಸ್ಟ್ ಇಂಡೀಸಿನದರ ಬದಲು ಈಸ್ಟ್ ಇಂಡಿಯಾದ ಸಕ್ಕರೆ ಕೊಂಡರೆ ಒಬ್ಬ ಮನುಷ್ಯ ಗುಲಾಮನಾಗುವುದು, ಇಲ್ಲವೇ ಸಾಯುವುದು ತಪ್ಪುತ್ತದೆ. ಇವತ್ತು ಒಂದು ಸರ್ವಿಂಗಿಗೆ ಇಷ್ಟು ಗ್ರಾಂ ಎಂದು ಓದುವ ನಮಗೆ ಈ ಬಗೆಯ ಲೆಕ್ಕದ ಪರಿಚಯವಿದೆ. ತಿನ್ನುವ ಪ್ರಮಾಣವನ್ನೂ ಅದರ ಫಲವನ್ನೂ ಸಾಮಾನ್ಯ ಗೃಹಿಣಿಗೆ ಅರ್ಥವಾಗುವ ಒಂದೇ ವಾಕ್ಯದಲ್ಲಿ ಕಟ್ಟಿಕೊಡುವ ಕೆಲಸವನ್ನು ಅವರು ಅಂದೇ ಮಾಡಿದ್ದರು.

ಈಸ್ಟ್ ಇಂಡಿಯಾ ಸಕ್ಕರೆ ಎಂದರೆ ಬಹುಮಟ್ಟಿಗೆ ಬಂಗಾಳದ ಸಕ್ಕರೆ, ಕಲ್ಕತ್ತದ ಹಡಗುಕಟ್ಟೆಯಿಂದ ಹೊರಟ ಸಕ್ಕರೆ. ಆ ಬರಹ ಜನರ ಕೈಯನ್ನು ತಿರುಗಿಸಿತೇಕೆ ಎಂದು ಯೋಚಿಸಿದರೆ ಮೂರು ಕಾರಣಗಳು ಕಾಣುತ್ತವೆ. ಬರಹ ಇದ್ದದ್ದು ಚಮಚ ಅದ್ದುವ ಜಾಗದಲ್ಲೇ. ಬೇಡ ಎನ್ನಬೇಕಾದ ಗಳಿಗೆಯಲ್ಲೇ ಅದು ಕಣ್ಣಿಗೆ ಬೀಳುತ್ತಿತ್ತು. ಎರಡನೆಯದಾಗಿ, ಸಿಹಿಯನ್ನೇ ಬಿಡಿ ಎಂದು ಹಟ ಹಿಡಿಯದೆ ಇದರ ಬದಲು ಅದು ಎಂದು ಇನ್ನೊಂದು ದಾರಿಯನ್ನು ಅದು ತೋರಿಸುತ್ತಿತ್ತು. ಮೂರನೆಯದಾಗಿ, ಮೇಜಿನ ಸುತ್ತ ಕುಳಿತ ಅತಿಥಿಗಳೆಲ್ಲ ಅದನ್ನು ಓದುತ್ತಿದ್ದರು. ಮನೆಯೊಡತಿಯ ನಿರ್ಧಾರ ನಾಲ್ಕು ಜನರ ಮಾತಾಗುತ್ತಿತ್ತು. ವೋಟಿನ ಹಕ್ಕಿಲ್ಲದ ಹೆಂಗಸರು ಈ ಚಳವಳಿಯನ್ನು ಹೊತ್ತು ನಡೆಸಿದರು. ಲೆಸ್ಟರ್ ಪಟ್ಟಣದಲ್ಲಿ ಎಲಿಜಬೆತ್ ಹೇರಿಕ್ ಎಂಬಾಕೆ ಗೆಳತಿಯೊಡನೆ ಮನೆಮನೆಯ ಬಾಗಿಲು ತಟ್ಟಿ ಸಕ್ಕರೆಯ ಮಾತಾಡಿದಳು. ಕಡೆಗೆ ೧೮೩೩ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ಬಂತು. ಬಟ್ಟಲಿನ ಬರಹವೊಂದರಿಂದಲೇ ಅದಾಯಿತೆಂದಲ್ಲ. ಗುಲಾಮರೇ ಎದ್ದು ಮಾಡಿದ ದಂಗೆಗಳು, ಪಾರ್ಲಿಮೆಂಟಿನ ವಾದಗಳು ಎಲ್ಲವೂ ಸೇರಿದ್ದವು. ಆದರೂ ಆ ಬರಹಕ್ಕೆ ಅದರಲ್ಲಿ ಪಾಲಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ನೀತಿಕಥೆಯಾಗುತ್ತಿತ್ತು. ಚರಿತ್ರೆ ಅಷ್ಟು ಸರಳವಾಗಿ ಬಿಡುವುದಿಲ್ಲ. ಬಟ್ಟಲಿನ ಮೇಲೆ ಬರೆದದ್ದು ಒಂದು ಮಾತು, ಬರೆಯದೆ ಬಿಟ್ಟದ್ದು ಹತ್ತು. ಕಂಪನಿ ಸರ್ಕಾರದ ಸೀಮೆಯಲ್ಲಿ ಗುಲಾಮಗಿರಿ ಇರಲಿಲ್ಲವೆಂಬುದು ನಿಜವಲ್ಲ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ೧೮೦೦ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಲು ಕಲ್ಕತ್ತದ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್, ನಮ್ಮ ಕರಾವಳಿಯ ಹೊಲಗದ್ದೆಗಳಲ್ಲಿ ಒಡೆಯನ ಸ್ವತ್ತಾಗಿ ದುಡಿಯುತ್ತಿದ್ದ, ಮಾರಾಟಕ್ಕೂ ಒಳಗಾಗುತ್ತಿದ್ದ ಆಳುಗಳ ವಿಚಾರವನ್ನು ಬರೆದಿಟ್ಟಿದ್ದಾನೆ. ಆ ಪ್ರವಾಸದ ಗ್ರಂಥ ೧೮೦೭ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿದ್ದು ೧೮೪೩ರಲ್ಲಿ, ಬಟ್ಟಲುಗಳು ಮಾರಾಟವಾಗಿ ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ.

ಇದಕ್ಕಿಂತ ಕಹಿಯಾದ ಸಂಗತಿ ಕಲ್ಕತ್ತದ ಬಂದರಿನಲ್ಲೇ ನಡೆಯಿತು. ಗುಲಾಮರು ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ೧೮೩೪ರ ನವೆಂಬರಿನಲ್ಲಿ ಅಟ್ಲಾಸ್ ಎಂಬ ಹಡಗು ಕಲ್ಕತ್ತದಿಂದ ೩೬ ಮಂದಿ ಕರಾರು ಕೂಲಿಗಳನ್ನು ಮಾರಿಷಸ್ ದ್ವೀಪಕ್ಕೆ ಮುಟ್ಟಿಸಿತು. ೧೮೩೮ರಲ್ಲಿ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಇಲ್ಲಿಂದ ದಕ್ಷಿಣ ಅಮೆರಿಕದ ಗಯಾನಕ್ಕೆ ಹೋದವು. ಆಮೇಲೆ ಸುಮಾರು ಎಂಬತ್ತು ವರ್ಷ ಟ್ರಿನಿಡಾಡ್, ಫಿಜಿ, ಸುರಿನಾಮ್ ಎಂದು ಹಡಗುಗಳು ಹೋಗುತ್ತಲೇ ಇದ್ದವು. ಬಂಗಾಳದ ಸಕ್ಕರೆ ಹೋದ ನದಿಯಲ್ಲೇ ಸಕ್ಕರೆ ಮಾಡುವ ಬಡವರು ಹೋದರು. ಅವರು ಬೆಳೆದ ಸಕ್ಕರೆಯ ಚೀಲಕ್ಕೆ ಗುಲಾಮರು ಮಾಡಿದ್ದಲ್ಲ ಎಂಬ ಮಾತು ಅಕ್ಷರಶಃ ಹೊಂದುತ್ತಿತ್ತು. ಬರಹ ಸುಳ್ಳಾಡದೆಯೂ ಸತ್ಯವನ್ನು ಮರೆಮಾಡಬಲ್ಲದು. ಖಿದಿರ್‌ಪುರದ ಬಳಿ ಹೂಗ್ಲಿ ದಂಡೆಯಲ್ಲಿ ೨೦೧೧ರಲ್ಲಿ ಈ ಕೂಲಿಗಳ ನೆನಪಿಗೆ ಒಂದು ಸ್ಮಾರಕವನ್ನು ನಿಲ್ಲಿಸಲಾಗಿದೆ. ಮಕ್ಕಳನ್ನು ವಿಕ್ಟೋರಿಯಾ ಮೆಮೋರಿಯಲ್ ನೋಡಲು ಕರೆದೊಯ್ಯುವವರು ಒಮ್ಮೆ ಅತ್ತಲೂ ಹೋಗಿಬರಬಹುದು.

ಬಟ್ಟಲಿನ ಬರಹವನ್ನು ಕಡೆಗೆ ಸೋಲಿಸಿದ್ದು ಯಾವ ವಾದವೂ ಅಲ್ಲ, ಬೆಲೆ. ಬಂಗಾಳದ ಸಕ್ಕರೆಗೆ ವೆಸ್ಟ್ ಇಂಡೀಸಿನ ಸಕ್ಕರೆಗಿಂತ ಹಂಡ್ರೆಡ್‌ವೇಟಿಗೆ ೧೦ ಷಿಲ್ಲಿಂಗ್ ಹೆಚ್ಚು ಸುಂಕವಿತ್ತು. ಆದ್ದರಿಂದ ಮನಸ್ಸಾಕ್ಷಿಯುಳ್ಳವರು ಹೆಚ್ಚು ಹಣ ತೆತ್ತೇ ಅದನ್ನು ಕೊಳ್ಳಬೇಕಾಗಿತ್ತು. ೧೮೩೬ರಲ್ಲಿ ಸುಂಕ ಸಮನಾದಾಗ ಬಂಗಾಳದ ಸಕ್ಕರೆಗೆ ಒಳ್ಳೆಯ ಕಾಲ ಬಂತು. ಆ ದಶಕಗಳ ಉತ್ಸಾಹದಲ್ಲಿ ನಮ್ಮ ಮೈಸೂರು ಸೀಮೆಯಲ್ಲೂ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ೧೮೪೭ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಶುದ್ಧಿಮಾಡಿ ಅದು ತೆಗೆದ ಸಕ್ಕರೆಗೆ ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಬಂದಿತ್ತು. ಆದರೆ ೧೮೪೬ರ ಇನ್ನೊಂದು ಕಾನೂನು ಎಲ್ಲ ದೇಶಗಳ ಸಕ್ಕರೆಗೂ ಕ್ರಮೇಣ ಒಂದೇ ಸುಂಕ ಎಂದಿತು. ಬ್ರೆಜಿಲ್, ಕ್ಯೂಬಾಗಳಲ್ಲಿ ಆಗ ಇನ್ನೂ ಗುಲಾಮಗಿರಿ ಇತ್ತು. ಅಲ್ಲಿಯ ಅಗ್ಗದ ಸಕ್ಕರೆ ಇಂಗ್ಲೆಂಡಿಗೆ ಹರಿದು ಬಂತು. ಇಪ್ಪತ್ತು ವರ್ಷದ ಹಿಂದೆ ಬಟ್ಟಲಿನ ಬರಹ ಓದುತ್ತಿದ್ದ ಜನರೇ ಅದನ್ನು ಚಹಕ್ಕೆ ಹಾಕಿಕೊಂಡರು.

ಅಲ್ಲಿಂದ ಮುಂದೆ ಸಕ್ಕರೆಯ ಬಗೆಗಿನ ಆತಂಕ ಬೇರೆಯವರ ಮೈಮೇಲಿನ ಬಾಸುಂಡೆಯನ್ನು ಬಿಟ್ಟು ನಮ್ಮ ನಮ್ಮ ಮೈಯೊಳಕ್ಕೆ ಬಂತು. ಮಧುಮೇಹವೆಂಬ ಮಾತು ನಮ್ಮ ಆಯುರ್ವೇದಕ್ಕೆ ಹಳೆಯದೇ. ಹೊಸ ವೈದ್ಯಶಾಸ್ತ್ರದಲ್ಲಿ ಈ ರೋಗವನ್ನು ಗುಂಪಿನ ರೋಗವಾಗಿ ಗಮನಿಸಿದವರಲ್ಲಿ ಕಲ್ಕತ್ತದ ವೈದ್ಯರು ಮುಂದಿದ್ದರು. ೧೯೦೭ರಲ್ಲಿ ಉಷ್ಣದೇಶಗಳ ಮಧುಮೇಹದ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಚರ್ಚೆಯಲ್ಲಿ ಕಲ್ಕತ್ತದ ಕೈಲಾಸಚಂದ್ರ ಬೋಸ್ ಅವರ ಲೇಖನವೂ ಇತ್ತು. ಕುಳಿತು ಕೆಲಸಮಾಡುವ, ಅನುಕೂಲವಂತ ಬಂಗಾಳಿ ಮಹನೀಯರಲ್ಲಿ ಈ ರೋಗ ಹೆಚ್ಚೆಂಬುದು ಅಂದಿನ ವೈದ್ಯರ ಅನುಭವವಾಗಿತ್ತು. ಇಂದು ಅದು ಅನುಕೂಲವಂತರ ಸೊತ್ತಾಗಿ ಉಳಿದಿಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ ೧೦ ಕೋಟಿಗೂ ಹೆಚ್ಚು ಭಾರತೀಯರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ಅದರ ಅಂಚಿನಲ್ಲಿ ನಿಂತವರು ಇನ್ನೂ ೧೩ ಕೋಟಿಗೂ ಮೇಲ್ಪಟ್ಟು. ನಮ್ಮ ಬಳಗದ ಯಾವ ಮನೆಗೆ ಹೋದರೂ ಸಕ್ಕರೆ ಹಾಕಲೇ ಬೇಡವೇ ಎಂದು ಕೇಳಿ ಕಾಫಿ ಕೊಡುವ ಕಾಲ ಬಂದಿದೆ. ಸಿಹಿ ತಿಂದದ್ದೊಂದೇ ಈ ರೋಗಕ್ಕೆ ಕಾರಣವಲ್ಲ. ವಂಶ, ಬೊಜ್ಜು, ಮೈಗೆ ಕೆಲಸವಿಲ್ಲದಿರುವುದು ಇವೂ ಸೇರುತ್ತವೆ. ಆದರೂ ರೋಗ ಬಂದವರಿಗೆ, ಬರುವ ಅಂಚಿನಲ್ಲಿರುವವರಿಗೆ, ತಟ್ಟೆಯಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಿಳಿಯುವುದು ಜೀವದ ಪ್ರಶ್ನೆಯೇ.

ಈ ಊರಿನಲ್ಲಿ ಅದು ಸುಲಭವಲ್ಲ. ನಬೀನ್‌ಚಂದ್ರ ದಾಸ್ ೧೮೬೮ರಲ್ಲಿ ಬಾಗ್‌ಬಜಾರಿನಲ್ಲಿ ಮೆತ್ತನೆಯ ರಸಗುಲ್ಲ ಮಾಡಿದರೆಂದು ಕಲ್ಕತ್ತ ಹೆಮ್ಮೆಪಡುತ್ತದೆ. ಸಿಹಿಯನ್ನು ಇಲ್ಲಿ ಆಜ್ಞೆಯಿಂದ ತಡೆಯಲು ಒಮ್ಮೆ ಪ್ರಯತ್ನವೂ ನಡೆದಿದೆ, ಕಾರಣ ಬೇರೆಯಾಗಿದ್ದರೂ. ೧೯೬೫ರಲ್ಲಿ ಹಾಲಿನ ಅಭಾವದಿಂದ ಪ್ರಫುಲ್ಲಚಂದ್ರ ಸೇನ್ ಅವರ ಸರ್ಕಾರ ಛಾನಾದ ಸಿಹಿಗಳನ್ನು, ಅಂದರೆ ಹಾಲು ಒಡೆಸಿ ಮಾಡುವ ಸಂದೇಶ್, ರಸಗುಲ್ಲ ಮುಂತಾದವನ್ನು, ಮಾಡಬಾರದೆಂದು ಆಜ್ಞೆ ಹೊರಡಿಸಿತು. ಊರು ಸಿಟ್ಟಿಗೆದ್ದಿತು, ಆಜ್ಞೆ ಹೆಚ್ಚು ಕಾಲ ನಿಲ್ಲಲಿಲ್ಲ. ೧೯೬೭ರ ಚುನಾವಣೆಯಲ್ಲಿ ಸೇನ್ ಅವರು ಆರಾಮ್‌ಬಾಗ್‌ನಲ್ಲಿ ಸೋತರು. ಅದಕ್ಕೆ ಆಹಾರದ ಅಭಾವವೇ ಮೊದಲಾದ ದೊಡ್ಡ ಕಾರಣಗಳಿದ್ದವು. ನಬೀನ್‌ಚಂದ್ರರ ವಂಶದವರ ಕೆ. ಸಿ. ದಾಸ್ ಅಂಗಡಿ ೧೯೭೨ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ತಿನ್ನಬೇಡಿ ಎಂದು ಬಾಗಿಲು ಹಾಕಿಸುವುದು ಒಂದು ದಾರಿ. ಏನು ತಿನ್ನುತ್ತಿದ್ದೀರೆಂದು ಹೇಳಿ ಬಾಗಿಲು ತೆರೆದಿಡುವುದು ಇನ್ನೊಂದು. ಮೊದಲನೆಯದು ನಡೆಯದೆಂದು ಕಂಡಮೇಲೆ ಉಳಿಯುವುದು ಎರಡನೆಯದೇ.

ಆ ಎರಡನೆಯ ದಾರಿಯನ್ನು ನಮ್ಮ ದೇಶದ ಕಾನೂನು ಈಚೆಗೆ ಹಿಡಿದಿದೆ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಕೆಳಗೆ ಏರ್ಪಟ್ಟ ಪ್ರಾಧಿಕಾರವು ೨೦೨೦ರ ಅಕ್ಟೋಬರ್ ೧ರಿಂದ ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆ ಅದನ್ನು ಯಾವ ದಿನದೊಳಗೆ ತಿನ್ನಬೇಕೆಂದು ಬರೆದಿಡಬೇಕೆಂದಿತು. ಅದೇ ವರ್ಷ ಬಂದ ನಿಯಮಗಳ ಪ್ರಕಾರ, ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ, ಇಲ್ಲವೇ ಕೇಂದ್ರದ ಲೈಸೆನ್ಸ್ ಪಡೆದ ಹೋಟೆಲುಗಳು ತಿಂಡಿಪಟ್ಟಿಯಲ್ಲಿ ಒಂದೊಂದು ಪದಾರ್ಥದ ಕ್ಯಾಲೊರಿಯನ್ನು ತಿಳಿಸಬೇಕು. ಇದು ೨೦೨೨ರಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಕ್ಯಾಲೊರಿ ಎಂದರೆ ಎಣ್ಣೆ, ಹಿಟ್ಟು, ಸಕ್ಕರೆ ಎಲ್ಲ ಕೂಡಿದ ಮೊತ್ತ. ಮೊತ್ತವನ್ನು ಹೇಳಿ ಬಾಬನ್ನು ಹೇಳದ ಲೆಕ್ಕದ ಹಾಗೆ, ಅದರಲ್ಲಿ ಸಕ್ಕರೆ ಎಷ್ಟೆಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಪೊಟ್ಟಣದಲ್ಲಿ ಮಾರುವ ಬಿಸ್ಕತ್ತಿನ ಹಿಂದೆ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎರಡನ್ನೂ ಬರೆಯಬೇಕು. ಹೋಟೆಲಿನ ತಟ್ಟೆಗೆ ಆ ಕಟ್ಟುಪಾಡಿಲ್ಲ. ಇನ್ನು ನಮ್ಮ ಬೀದಿಯ ಮೂಲೆಯ ಒಂದೇ ಬಾಗಿಲಿನ ಮಿಠಾಯಿ ಅಂಗಡಿಗೆ ಕ್ಯಾಲೊರಿಯ ನಿಯಮವೇ ತಾಗುವುದಿಲ್ಲ. ಕಲ್ಕತ್ತದ ಜನ ಸಿಹಿ ತಿನ್ನುವುದು ಹೆಚ್ಚಾಗಿ ಅಂಥ ಕಡೆಗಳಲ್ಲೇ.

ಹೊರಗಿನ ದೇಶಗಳಲ್ಲಿ ಏನಾಗಿದೆ? ನ್ಯೂಯಾರ್ಕ್ ನಗರ ೨೦೦೮ರಲ್ಲೇ ದೊಡ್ಡ ಹೋಟೆಲುಗಳ ಹಲಗೆಯ ಮೇಲೆ ಕ್ಯಾಲೊರಿ ಬರೆಸಿತು. ೨೦೨೩ರಲ್ಲಿ ಅದು ಸಕ್ಕರೆಯನ್ನೇ ಗುರಿಯಾಗಿಟ್ಟು, ಅನೇಕ ಶಾಖೆಗಳಿರುವ ಹೋಟೆಲುಗಳು ಅತಿಯಾಗಿ ಸಕ್ಕರೆ ಸೇರಿಸಿದ ಪದಾರ್ಥದ ಬಳಿ ಎಚ್ಚರಿಕೆಯ ಗುರುತು ಹಾಕಬೇಕೆಂಬ ಕಾನೂನು ಮಾಡಿತು. ಇಂಥ ಬರಹಗಳ ಫಲವನ್ನು ಅಳೆದವರ ಮಾತು ಉತ್ಸಾಹಿಗಳಿಗೆ ಸ್ವಲ್ಪ ತಣ್ಣೀರೆರಚುವಂತಿದೆ. ಕಾಕ್ರೇನ್ ಎಂಬ ವೈದ್ಯಕೀಯ ವಿಮರ್ಶಕರ ಕೂಟ ೨೦೨೫ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ಯಾಲೊರಿ ಬರೆದದ್ದರಿಂದ ಜನ ಆರಿಸಿದ ಆಹಾರದಲ್ಲಿ ಸರಾಸರಿ ಶೇಕಡಾ ೧.೮ರಷ್ಟು ಮಾತ್ರ ಇಳಿತ ಕಂಡಿತು. ೬೦೦ ಕ್ಯಾಲೊರಿಯ ಊಟಕ್ಕೆ ೧೧ ಕ್ಯಾಲೊರಿ. ಒಂದು ಹೊತ್ತಿಗೆ ಅದು ಏನೂ ಅಲ್ಲ, ದಿನದಿನವೂ ಕೂಡಿದರೆ ಸ್ವಲ್ಪ ಆದೀತು. ಚಿಲಿ ದೇಶದ ಅನುಭವ ಬೇರೆ. ಅಲ್ಲಿ ೨೦೧೬ರಿಂದ ಸಕ್ಕರೆ ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಮುದ್ರೆ ಒತ್ತುತ್ತಾರೆ. ಓದು ಬಾರದ ಮಗುವಿಗೂ ಅದು ತಿಳಿಯುತ್ತದೆ. ಜೊತೆಗೆ ಅಂಥವನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಆ ಬಗೆಯ ಪಾನೀಯಗಳ ಖರೀದಿ ಶೇಕಡಾ ೨೪ರಷ್ಟು ಇಳಿಯಿತೆಂದು ಅಧ್ಯಯನ ಹೇಳಿತು. ಇಂಗ್ಲೆಂಡಿನಲ್ಲಿ ೨೦೧೮ರಲ್ಲಿ ಸಿಹಿ ಪಾನೀಯಗಳ ಮೇಲೆ ತೆರಿಗೆ ಬಂದಾಗ ತಯಾರಿಸುವವರೇ ಮುಂಚಿತವಾಗಿ ಸಕ್ಕರೆ ಇಳಿಸಿಬಿಟ್ಟರು. ಸಕ್ಕರೆ ಬಟ್ಟಲಿನ ಕಾಲದಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತದೆ. ಬರಹ ಕಣ್ಣಿಗೆ ಹೊಡೆಯುವಂತಿದ್ದು, ಪಕ್ಕದಲ್ಲಿ ಬೇರೆ ದಾರಿಯಿದ್ದು, ಬೆಲೆಯೂ ಅದೇ ಕಡೆಗೆ ತಳ್ಳಿದರೆ ಕೈ ತಿರುಗುತ್ತದೆ.

೨೦೨೫ರ ಮೇ ತಿಂಗಳಲ್ಲಿ ನಮ್ಮ ಸಿ.ಬಿ.ಎಸ್‌.ಇ. ಮಂಡಳಿ ತನ್ನ ಶಾಲೆಗಳಲ್ಲಿ ಸಕ್ಕರೆ ಹಲಗೆ ಹಾಕಬೇಕೆಂದು ಸುತ್ತೋಲೆ ಹೊರಡಿಸಿತು. ಮಕ್ಕಳು ಕುಡಿಯುವ, ತಿನ್ನುವ ಪದಾರ್ಥಗಳಲ್ಲಿ ಎಷ್ಟು ಸಕ್ಕರೆಯಿದೆ, ದಿನಕ್ಕೆ ಎಷ್ಟು ಸಾಕು ಎಂದು ಅದರಲ್ಲಿ ಬರೆಯಬೇಕು. ಮರುತಿಂಗಳು ಕೇಂದ್ರ ಆರೋಗ್ಯ ಇಲಾಖೆ ಕಚೇರಿಗಳಲ್ಲೂ ಎಣ್ಣೆ, ಸಕ್ಕರೆಗಳ ಹಲಗೆ ಹಾಕಿರೆಂದು ಸಲಹೆ ಕೊಟ್ಟಿತು. ಜುಲೈ ಹೊತ್ತಿಗೆ ಅದು ಪತ್ರಿಕೆಗಳಲ್ಲಿ ಸಮೋಸ, ಜಿಲೇಬಿಗಳ ಮೇಲೆ ಎಚ್ಚರಿಕೆ ಚೀಟಿ ಎಂಬ ಸುದ್ದಿಯಾಗಿ, ದೇಶವೆಲ್ಲ ನಗುವವರು ನಕ್ಕು, ಸಿಟ್ಟಾಗುವವರು ಸಿಟ್ಟಾದ ಮೇಲೆ, ಬೀದಿ ವ್ಯಾಪಾರಿಗಳ ತಿಂಡಿಗೆ ಅಂಥ ಚೀಟಿ ಹಚ್ಚಲು ಹೇಳಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ತಾನು ಚಿಕ್ಕಂದಿನಿಂದ ತಿಂದ ತಿಂಡಿಯ ಮೇಲೆ ಯಾರೋ ಬಂದು ಬರೆಯುತ್ತಾರೆಂದರೆ ಮನುಷ್ಯನಿಗೆ ಎಷ್ಟು ಚುರುಕು ತಾಗುತ್ತದೆಂಬುದು ಇದರಿಂದ ತಿಳಿಯಿತು.

ಹಾಗೆ ನೋಡಿದರೆ ಕಲ್ಕತ್ತದಲ್ಲಿ ಸಕ್ಕರೆಯ ಚೀಟಿ ಯಾವ ಕಾನೂನೂ ಇಲ್ಲದೆ ಹಿಂದಿನಿಂದ ಇದ್ದೇ ಇದೆ. ಅದು ಹೆಸರಿನಲ್ಲೇ ಸೇರಿಕೊಂಡಿದೆ. ಮೊಸರಿನಂಗಡಿಯಲ್ಲಿ ಮಿಷ್ಟಿ ದೊಯಿ ಬೇರೆ, ಟೊಕ್ ದೊಯಿ ಬೇರೆ. ಊರಿಗೆ ಹೊಸದಾಗಿ ಬಂದ ಕನ್ನಡದ ಗೃಹಿಣಿ ಬರೀ ದೊಯಿ ಎಂದು ಕೇಳಿ ತಂದರೆ ಅಂದಿನ ಮೊಸರನ್ನ ಪಾಯಸವಾದೀತು. ಚಹದ ಅಂಗಡಿಯಲ್ಲಿ ಚಿನಿ ಛಾಡಾ, ಅಂದರೆ ಸಕ್ಕರೆಯಿಲ್ಲದ್ದು, ಎನ್ನಲು ಕಲಿಯುವುದು ನಮ್ಮಲ್ಲಿ ಎಷ್ಟೋ ಜನರ ಮೊದಲ ಬಂಗಾಳಿ ಪಾಠಗಳಲ್ಲೊಂದು. ಆದರೆ ಈ ಹೆಸರುಗಳೂ ಪೂರ್ತಿ ಹೇಳುವುದಿಲ್ಲ. ಚಳಿಗಾಲದಲ್ಲಿ ನಲೇನ್ ಗುಡ್, ಅಂದರೆ ಖರ್ಜೂರದ ಜಾತಿಯ ಈಚಲ ಮರದ ಹೊಸ ಬೆಲ್ಲ, ಎಂದು ಬರೆದ ತಟ್ಟೆಯ ಮುಂದೆ ಸಾಲು ಬೆಳೆಯುತ್ತದೆ; ಬೆಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಸಕ್ಕರೆ ಕಾಯಿಲೆಯವರೂ ಕೈನೀಡುತ್ತಾರೆ. ನಮ್ಮ ಕಡೆಯ ಬೆಲ್ಲದ ಬಗ್ಗೆಯೂ ನಮಗೆ ಅದೇ ನಂಬಿಕೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ಶುಗರ್ ಫ್ರೀ ಎಂದು ಬರೆದ ಸಂದೇಶ್‌ನಲ್ಲಿ ಸಕ್ಕರೆ ಇಲ್ಲದಿರಬಹುದು, ಛಾನಾದ ಜಿಡ್ಡು ಎಲ್ಲಿಗೂ ಹೋಗಿರುವುದಿಲ್ಲ. ತೂಕ ಇಳ್ಳಿಸುವುದಕ್ಕೆಂದು ಬದಲಿ ಸಿಹಿಗಳನ್ನು ನೆಚ್ಚಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಸಲಹೆ ಕೊಟ್ಟಿದೆ; ಈಗಾಗಲೇ ಮಧುಮೇಹ ಇರುವವರನ್ನು ಅದು ಆ ಸಲಹೆಯಿಂದ ಹೊರಗಿಟ್ಟಿದೆ, ಅವರು ತಮ್ಮ ವೈದ್ಯರನ್ನೇ ಕೇಳಬೇಕು. ಇನ್ನು ಬಂಗಾಳಿ ಊಟದ ಬೇಳೆಯಲ್ಲಿ, ಪಲ್ಯದಲ್ಲಿ ಸೇರುವ ಚಿಟಿಕೆ ಸಕ್ಕರೆ, ನಮ್ಮ ಹುಳಿಯಲ್ಲಿ ಸೇರುವ ಬೆಲ್ಲದ ಚೂರು ಯಾವ ಪಟ್ಟಿಗೂ ಸಿಕ್ಕುವುದಲ್ಲ.

ನಮ್ಮ ಉಡುಪಿ ಹೋಟೆಲುಗಳ ಹಳೆಯ ಪದ್ಧತಿಯಲ್ಲಿ ಅಚ್ಚಾದ ಪಟ್ಟಿಗಿಂತ ಮಾಣಿಯ ಬಾಯಿಪಾಠವೇ ಮುಖ್ಯವಾಗಿತ್ತು. ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಕೇಸರಿಬಾತಿನವರೆಗೆ ಅವನು ಒಪ್ಪಿಸುತ್ತಿದ್ದ. ಅವನನ್ನು ನಿಲ್ಲಿಸಿ, ಸಕ್ಕರೆ ಕಡಿಮೆ ಹಾಕಪ್ಪ, ಬೇರೆ ಕೊಡು, ಎನ್ನಲು ಅವಕಾಶವಿತ್ತು. ಬೆಂಗಳೂರಿನ ದರ್ಶಿನಿಗಳಲ್ಲಿ ಸಕ್ಕರೆಯಿಲ್ಲದ ಕಾಫಿಯನ್ನು ಕೇಳಿ ಪಡೆಯುವುದು ಇಂದು ಮಾಮೂಲು. ಕಲ್ಕತ್ತದ ಲೇಕ್ ಮಾರ್ಕೆಟ್ ಸುತ್ತಿನ ದಕ್ಷಿಣದ ಹೋಟೆಲುಗಳಲ್ಲೂ ಕೇಳಿದರೆ ಕೊಡುತ್ತಾರೆ. ಈ ಕೇಳುವ ಮಾತು, ಹಾಕುವ ಮುಂಚೆ ಸಕ್ಕರೆ ಹಾಕಲೇ ಎನ್ನುವ ಆ ಒಂದು ಪ್ರಶ್ನೆ, ಪೆಕ್‌ಹ್ಯಾಮಿನ ಬಟ್ಟಲಿಗೆ ಬಹಳ ಹತ್ತಿರದ್ದು. ಅದು ಬರುವುದು ಚಮಚ ಅದ್ದುವ ಗಳಿಗೆಯಲ್ಲಿ, ಬೇಡ ಎಂದರೆ ಕಾಫಿಯೇನೂ ತಪ್ಪುವುದಿಲ್ಲ, ಬೆಲೆಯೂ ಹೆಚ್ಚುವುದಿಲ್ಲ.

ಹೊರನಾಡ ಕನ್ನಡಿಗರ ಸಂಘಗಳು ಈ ದೃಷ್ಟಿಯಿಂದ ಒಂದು ಸಣ್ಣ ಕೆಲಸ ಮಾಡಬಹುದು. ಯುಗಾದಿಗೆ, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ನಾವು ಕೂಡಿ ಉಣ್ಣುವ ಊಟಕ್ಕೆ ತಿಂಡಿಪಟ್ಟಿಯ ನಿಯಮ ಅನ್ವಯಿಸುವುದಿಲ್ಲ. ಹೋಳಿಗೆ, ಮೈಸೂರು ಪಾಕುಗಳನ್ನು ಬಡಿಸುವವರು ಪ್ರೀತಿಯಿಂದ ಇನ್ನೊಂದು, ಇನ್ನೊಂದು ಎನ್ನುತ್ತಾರೆ; ಎಲೆಯ ಮುಂದೆ ಕುಳಿತ ಹಿರಿಯರು ಸಂಕೋಚದಿಂದ ಬೇಡವೆನ್ನಲಾರರು, ಮರುದಿನ ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಮನೆಯವರಿಂದ ಬೈಸಿಕೊಳ್ಳುತ್ತಾರೆ. ಹೋಳಿಗೆಯ ಮೇಲೆ ಚೀಟಿ ಅಂಟಿಸುವುದು ಯಾರಿಗೂ ಬೇಕಾಗಿಲ್ಲ. ಕಾಫಿಗೆ ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿಡುವುದು, ಹೋಳಿಗೆಯನ್ನು ಅರ್ಧ ಮಾಡಿ ಬಡಿಸಿ ಬೇಕೆಂದವರಿಗೆ ಇನ್ನರ್ಧ ಹಾಕುವುದು, ಪಾಯಸದ ಪಕ್ಕದಲ್ಲೇ ಕೋಸಂಬರಿ, ಮಜ್ಜಿಗೆಗಳನ್ನೂ ಎರಡನೆಯ ಸಲ ತರುವುದು, ಇಷ್ಟಾದರೆ ಸಾಕು. ಬಟ್ಟಲಿನ ಕಥೆ ಕಲಿಸಿದ ಎರಡು ಪಾಠಗಳು, ಸರಿಯಾದ ಗಳಿಗೆ ಮತ್ತು ಬೇರೆ ದಾರಿ, ಇದರಲ್ಲಿ ಬಂದುಬಿಡುತ್ತವೆ.

ಬಂಗಾಳದ ರಸಗುಲ್ಲಕ್ಕೆ ಪ್ರದೇಶ ಸೂಚಕದ ಮನ್ನಣೆ ದೊರೆತದ್ದು ೨೦೧೭ರ ನವೆಂಬರ್ ೧೪ರಂದು. ಆ ದಿನವನ್ನು ರಸಗುಲ್ಲ ದಿನವೆಂದು ಇಲ್ಲಿ ಆಚರಿಸುತ್ತಾರೆ. ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ ಆದ್ದರಿಂದ ಜಗತ್ತೆಲ್ಲ ಅದನ್ನು ಮಧುಮೇಹ ದಿನವೆನ್ನುತ್ತದೆ. ನಮ್ಮಲ್ಲಿ ಅದು ಮಕ್ಕಳ ದಿನಾಚರಣೆಯೂ ಹೌದು. ಮುಂದಿನ ನವೆಂಬರ್ ೧೪ ಬಂದಾಗ ಮಕ್ಕಳಿಗೆ ಒಂದೊಂದು ರಸಗುಲ್ಲ ಕೊಟ್ಟು, ಅವರು ತಿನ್ನುತ್ತಿರುವಾಗ ಸಕ್ಕರೆ ಬಟ್ಟಲಿನ ಈ ಕಥೆಯನ್ನೂ, ಹೂಗ್ಲಿಯಿಂದ ಹೊರಟ ಆ ಹಡಗುಗಳ ಕಥೆಯನ್ನೂ ಹೇಳಬಹುದು.